ಪುಕ್ಕಟೆ ಪೇಪರ್ ಹಂಚಲು ಕೇಳಿದ್ದಾರೆ, ಮಾಲೀಕರು ಯಾರು ಅಂತಲೇ ಗೊತ್ತಿಲ್ಲ. ಹಂಚಲೋ ಬೇಡವೋ?

ಪೇಪರ್ ಕಾಕಾ, ಧಾರವಾಡ

ನಾನು 1998ರಿಂದ ಧಾರವಾಡದಲ್ಲಿ ಪೇಪರ್ ಹಾಕುತ್ತಿದ್ದೇನೆ. ಸಪ್ತಾಪುರ, ಮಾಳಮಡ್ಡಿ ಕಡೆ 380 ಮನೆ. ಜೊತೆಗೆ ಮೂವರು ಹುಡುಗರಿದ್ದಾರೆ. ಇಬ್ಬರು ಕಾಲೇಜಿಗೆ ಹೋಗುವವರು, ಒಬ್ಬ ಸುಮ್ನೆ ಮನೆಯಲ್ಲಿದ್ದವನು.

ಬೆಳಿಗ್ಗೆ ನಾಲ್ಕೂಕಾಲಿಗೆ ಕಟ್ಟು ಬರುತ್ತವೆ. ಮುಚ್ಚಿದ ಅಂಗಡಿಯೊಂದರ ಕಟ್ಟೆ ಮೇಲೆ ಕುಳಿತು ಪುರವಣಿ, ಹ್ಯಾಂಡ್‌ಬಿಲ್ ಎಲ್ಲ ಒಳಗೆ ಸೇರಿಸಿ, ಐದು ಗಂಟೆಗೆ ಸೈಕಲ್ ಹತ್ತುತ್ತೇವೆ. ಹೋದ ಸೋಮವಾರ ನಾವು ಸೇರಿಸುತ್ತಾ ಕುಳಿತಾಗ ಒಂದು ಟಾಟಾ ಏಸ್ ಬಂದು ನಿಂತಿತು. ಇಪ್ಪತ್ತೈದರ ಒಬ್ಬ ಹುಡುಗ ಇಳಿದ. ಗಾಡಿಯಿಂದ ಒಂದು ಕಟ್ಟು ಇಳಿಸಿ, "ಕಾಕಾ, ಹೊಸಾ ಪೇಪರ್. ಮಂದಿಗೆ ಪುಕ್ಕಟೆ, ನಿಮಗ ಒಂದ್ ಪ್ರತಿಗೆ 40 ಪೈಸೆ. ನಿಮ್ಮ ಲೈನ್‌ನಾಗ ಎಷ್ಟ್ ಮನಿ ಅದಾವ?" ಅಂದ.

ಹೇಳಿದೆ. 400 ಪ್ರತಿ ಇಳಿಸಿ, ಎರಡು ಸಾವಿರ ಅಡ್ವಾನ್ಸ್ ಅಂತ ನನ್ನ ಫೋನ್‌ಪೇಗೆ ಹಾಕಿಯೂ ಬಿಟ್ಟ. ಎರಡು ನಿಮಿಷದ ಕೆಲಸ.

ಪೇಪರ್ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಸಣ್ಣ ಸೈಜು, 12 ಪುಟ, ಪೂರ್ತಿ ಕಲರ್. ಮೊದಲ ಪುಟದಲ್ಲಿ ಚಿಗರಿ ಬಸ್ಸಿನ ಎಸಿ ಕೆಟ್ಟ ಸುದ್ದಿ. ಒಳಗೆ ಮೆಣಸಿನಕಾಯಿ, ಉಳ್ಳಾಗಡ್ಡಿ ರೇಟು, ರಾಶಿ ಭವಿಷ್ಯ, ಒಂದು ಪದಬಂಧ. ಕೊನೆಯ ಪುಟದ ತುಂಬ ಒಂದು ಲೇಔಟ್‌ನ ಜಾಹೀರಾತು. ಅದರಲ್ಲೂ ಬರೀ ಮೊಬೈಲ್ ನಂಬರ್.

ಅಂದು ಹಂಚಿದೆ. ಏಳೂವರೆಗೆ ಮಾಳಮಡ್ಡಿಯಿಂದ ಫೋನ್ ಬಂತು. ನಮ್ಮ ಗಿರಾಕಿ ಒಬ್ಬ ಅಕ್ಕೋರು. ರಿಟೈರ್ ಆಗಿ ಇಪ್ಪತ್ತು ವರ್ಷ ಆಗಿರಬೇಕು, ಆದರೂ ಎದುರಿಗೆ ನಿಂತರೆ ನನಗೆ ಹೋಂವರ್ಕ್ ಮರೆತ ಹಾಗೆ ಆಗುತ್ತದೆ.

"ಏನೋ ತಮ್ಮಾ, ಇದು ಯಾರದ್ದು?"

"ಪುಕ್ಕಟೆ ಐತ್ರಿ ಅಕ್ಕೋರ, ಬಿಲ್ಲಿನ್ಯಾಗ ಹಚ್ಚೂದಿಲ್ಲ."

"ಬಿಲ್ ಕೇಳಲಿಲ್ಲ ನಾ. ನಾ ರೊಕ್ಕ ಕೊಟ್ಟಿಲ್ಲ ಅಂದ್ರ ಮತ್ಯಾರೋ ಕೊಟ್ಟಾರ. ಅವರ್ಯಾರು ಅಂತ ಕೇಳಾಕತ್ತೀನಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಪೇಪರ್ ತೆಗೆದು ಪುಟ ಪುಟ ನೋಡಿದೆ. ಎಲ್ಲ ಪೇಪರಿನಲ್ಲಿ ಕೊನೆಗೆ, ಇರುವೆ ಸಾಲಿನ ಹಾಗೆ ಒಂದು ಸಾಲು ಇರುತ್ತಲ್ವಾ? ಮುದ್ರಕರು, ಪ್ರಕಾಶಕರು, ಸಂಪಾದಕರು, ಇಂಥಲ್ಲಿ ಅಚ್ಚಾಯಿತು ಅಂತ. ಇಷ್ಟು ವರ್ಷ ಅದನ್ನು ಒಂದು ಸಲವೂ ಓದಿದವನಲ್ಲ ನಾನು. ಇದರಲ್ಲಿ ಅದೇ ಇಲ್ಲ. ಅದರ ಜಾಗದಲ್ಲಿ "ನಿಮ್ಮ ಊರು, ನಿಮ್ಮ ಪೇಪರ್" ಅಂತ ಇದೆ. ಕೆಳಗೆ ಒಂದು ಜಿಮೇಲ್.

ನಮ್ಮ ಅವಳಿ ನಗರದಲ್ಲಿ ಪೇಪರ್ ಯಾರದ್ದು ಅನ್ನುವುದು ಗುಟ್ಟಿನ ಮಾತಾಗಿದ್ದು ನನಗೆ ನೆನಪಿಲ್ಲ. ಸಂಯುಕ್ತ ಕರ್ನಾಟಕ ಲೋಕಶಿಕ್ಷಣ ಟ್ರಸ್ಟ್‌ನದ್ದು ಅಂತ ಚಹಾ ಅಂಗಡಿ ಹುಡುಗನೂ ಹೇಳುತ್ತಾನೆ. ನಾನು ಲೈನಿಗೆ ಬಂದ ಮರುವರ್ಷ, 1999ರಲ್ಲಿ, ವಿಜಯ ಕರ್ನಾಟಕ ಶುರುವಾಯಿತು. ವಿಆರ್‌ಎಲ್ ಲಾರಿಯ ಸಂಕೇಶ್ವರರದ್ದು ಅಂತ ಮೊದಲ ದಿನವೇ ಗೊತ್ತಿತ್ತು. 2006ರಲ್ಲಿ ಟೈಮ್ಸ್‌ನವರು ಕೊಂಡರು, ಅದೂ ಗೊತ್ತಾಯಿತು. 2012ರಲ್ಲಿ ಸಂಕೇಶ್ವರರು ವಿಜಯವಾಣಿ ತಂದರು. ಯಾರಿಗೆ ಯಾವ ಮಾಲೀಕರು ಆಗಿಬರುವುದಿಲ್ಲವೋ ಅವರು ಆ ಪೇಪರ್ ಬಿಡಿಸುತ್ತಿದ್ದರು, ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು. ಅಷ್ಟೇ ವ್ಯವಹಾರ.

ದಿನಕ್ಕೆ 152 ರೂಪಾಯಿ, ಅಂದರೆ ತಿಂಗಳಿಗೆ ನಾಲ್ಕೂವರೆ ಸಾವಿರ. ಇಬ್ಬರು ಹುಡುಗರ ಸಂಬಳ ಅದರಲ್ಲೇ ಹೋಗುತ್ತೆ. ಬಿಡಲು ಮನಸ್ಸಿಲ್ಲ. ಆದರೆ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವವನು ನಾನು. ಇಂಥ ಪೇಪರ್ ಹಂಚಿದರೆ ನನಗೆ ತೊಂದರೆ ಇದೆಯಾ? ಯಾರದ್ದು ಅಂತ ಪತ್ತೆ ಮಾಡುವುದು ಹೇಗೆ? ತಿಳಿದವರು ಹೇಳಿ.

ಉಣಕಲ್ ಹುಡುಗ

ಕಾಕಾ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊಸೂರು ಕ್ರಾಸ್ ಹತ್ತಿರ ನನಗೂ ಒಂದು ಕೈಗೆ ಕೊಟ್ಟರು. ಬಸ್ಸಿನಲ್ಲಿ ಓದಿದೆ, ಇಳಿಯುವಾಗ ಸೀಟಿನ ಮೇಲೆ ಬಿಟ್ಟು ಬಂದೆ. ಓದಲು ಚೆನ್ನಾಗಿದ್ದರೆ ಆಯ್ತು. ಗಿರಮಿಟ್ ತಿನ್ನುವಾಗ ಚುರುಮುರಿ ಯಾವ ಭಟ್ಟಿಯದ್ದು ಅಂತ ಕೇಳುತ್ತೇವಾ?

ಆಫ್‌ಸೆಟ್ ಅಜ್ಜ, ಹಳೇ ಹುಬ್ಬಳ್ಳಿ

ಚುರುಮುರಿ ತಿಂದು ಹೊಟ್ಟೆ ಕೆಟ್ಟರೆ ಭಟ್ಟಿ ಯಾವುದು ಅಂತ ಮೊದಲು ಕೇಳುವವನು ನೀನೇ, ತಮ್ಮಾ.

ನಾನು 31 ವರ್ಷ ವೆಬ್ ಆಫ್‌ಸೆಟ್, ಅಂದರೆ ರೀಲ್ ಕಾಗದದ ಮೇಲೆ ಪೇಪರ್ ಅಚ್ಚು ಹಾಕುವ ಮಷೀನ್ ಮೇಲೆ ನಿಂತವನು. ನನಗೂ ಒಂದು ಪ್ರತಿ ಸಿಕ್ಕಿತು. ನಾನು ಸುದ್ದಿ ಓದಲಿಲ್ಲ, ಕಾಗದ ನೋಡಿದೆ. 45 ಜಿಎಸ್‌ಎಂ ನ್ಯೂಸ್‌ಪ್ರಿಂಟ್, ಅಂದರೆ ಚದರ ಮೀಟರಿಗೆ 45 ಗ್ರಾಂ ತೂಗುವ ಕಾಗದ, ಒಳ್ಳೆಯ ಮಾಲು. ನಾಲ್ಕೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿವೆ, ಎಲ್ಲೂ ನೆರಳು ಬಿದ್ದಿಲ್ಲ. ಅಂದರೆ ಇದು ಸಣ್ಣ ಪ್ರೆಸ್ಸಿನ ಕೆಲಸ ಅಲ್ಲ. ಇನ್ನೊಂದು ಮಾತು. ದೊಡ್ಡ ಪೇಪರಿನ ಒಂದು ಹಾಳೆಯಲ್ಲಿ ಈ ಸೈಜಿನ 8 ಪುಟ ಬರುತ್ತವೆ. 12 ಪುಟ ಮಾಡಬೇಕಾದರೆ ಅರ್ಧ ಅಗಲದ ರೀಲ್ ಬೇರೆ ಏರಿಸಬೇಕು. ಹೊಸಬರು ಯಾರೂ ಅದಕ್ಕೆ ಕೈ ಹಾಕುವುದಿಲ್ಲ, 8 ಇಲ್ಲವೇ 16 ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ಈಗ ಲೆಕ್ಕ ಕೇಳಿ. ಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದು ಪ್ರತಿ 25 ಗ್ರಾಂ. 40 ಪ್ರತಿಗೆ ಒಂದು ಕೆಜಿ. ಕಾಗದ ಕೆಜಿಗೆ 50 ರೂಪಾಯಿ ಅಂತ ಹಿಡಿಯಿರಿ, ಪ್ರತಿಗೆ ಒಂದೂಕಾಲು ರೂಪಾಯಿ ಕಾಗದಕ್ಕೇ ಹೋಯಿತು. ಪ್ಲೇಟು, ಇಂಕು, ಕರೆಂಟು, ಗಾಡಿ, ನಿಮ್ಮ 40 ಪೈಸೆ ಎಲ್ಲ ಸೇರಿದರೆ ಎರಡು ರೂಪಾಯಿ ದಾಟುತ್ತದೆ. ದಿನಾ 20 ಸಾವಿರ ಪ್ರತಿ ಹಾಕಿದರೆ 40 ಸಾವಿರ, ತಿಂಗಳಿಗೆ 12 ಲಕ್ಷ. ವರದಿಗಾರರ ಸಂಬಳ ಇನ್ನೂ ಹಿಡಿದಿಲ್ಲ. ಒಂದು ಲೇಔಟ್ ಜಾಹೀರಾತಿನಿಂದ ಇದು ಏಳುವ ಗಂಟಲ್ಲ. ಯಾರೋ ತಮ್ಮ ಕಿಸೆಯಿಂದ ಹಾಕುತ್ತಿದ್ದಾರೆ.

ಮುದ್ರಕರ ಹೆಸರು ಇಲ್ಲದ್ದು ನನಗೆ ಸರಿ ಕಾಣಲಿಲ್ಲ. ನಾವು ಮದುವೆ ಕಾರ್ಡಿಗೂ ಪ್ರೆಸ್ಸಿನ ಹೆಸರು ಹಾಕುತ್ತಿದ್ದೆವು. ಎಲೆಕ್ಷನ್ ಬಂದರಂತೂ ಡಿಸಿ ಆಫೀಸಿಗೆ ಪ್ರೆಸ್ಸಿನವರನ್ನೆಲ್ಲ ಕರೆದು ಕೂರಿಸಿ ಹೇಳುತ್ತಿದ್ದರು: ಕರಪತ್ರ, ಪೋಸ್ಟರ್ ಯಾವುದೇ ಇರಲಿ, ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರ ದಂಡ, ಇಲ್ಲವೇ ಎರಡೂ. ಎಲೆಕ್ಷನ್ ಹತ್ತಿರ ಇರುವಾಗ ಇಂಥ ಪೇಪರ್ ನಿಮ್ಮ ಸೈಕಲ್ ಮೇಲೆ ಸಿಕ್ಕರೆ ಮೊದಲು ನಿಲ್ಲಿಸುವುದು ನಿಮ್ಮನ್ನೇ. ಮಾಲೀಕರನ್ನು ಹುಡುಕುವುದು ಆಮೇಲೆ.

ಪತ್ರಿಕೋದ್ಯಮ ವಿದ್ಯಾರ್ಥಿನಿ

ನಾನು ಓದುತ್ತಿರುವುದೇ ಇದನ್ನು, ಅದಕ್ಕೆ ಬರೆಯುತ್ತಿದ್ದೇನೆ.

ಪುಕ್ಕಟೆ ಅಂದ ಮಾತ್ರಕ್ಕೆ ಮೋಸ ಅಲ್ಲ. ಸ್ಟಾಕ್‌ಹೋಮ್‌ನಲ್ಲಿ 1995ರಲ್ಲಿ 'ಮೆಟ್ರೊ' ಅನ್ನುವ ಪೇಪರ್ ಸುರಂಗ ರೈಲಿನ ನಿಲ್ದಾಣಗಳಲ್ಲಿ ಪುಕ್ಕಟೆ ಹಂಚಲು ಶುರು ಮಾಡಿತು. ಜಾಹೀರಾತಿನಿಂದಲೇ ನಡೆಯಿತು, ಎಷ್ಟೋ ದೇಶಗಳಿಗೆ ಹಬ್ಬಿತು. ಲಂಡನ್‌ನ 'ಈವ್ನಿಂಗ್ ಸ್ಟ್ಯಾಂಡರ್ಡ್' 1827ರಷ್ಟು ಹಳೆಯದು. ಅದನ್ನು 2009ರಲ್ಲಿ ರಷ್ಯಾದ ಅಲೆಕ್ಸಾಂಡರ್ ಲೆಬೆಡೆವ್ ಕೊಂಡರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಪುಕ್ಕಟೆ ಮಾಡಿದರು. ಅವರು ಹಿಂದೆ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯಲ್ಲಿ ಇದ್ದವರು. ಅದರ ಬಗ್ಗೆ ಅಲ್ಲಿ ಬೇಕಾದಷ್ಟು ವಾದ ಆಯಿತು. ಆದರೆ ಹೆಸರು ಗೊತ್ತಿತ್ತು, ಅದಕ್ಕೇ ವಾದ ಮಾಡಲು ಆಯಿತು.

ಇಲ್ಲಿಯ ಕಾನೂನು: 1867ರ ಹಳೇ ಕಾಯ್ದೆ ಹೋಗಿ 2023ರ ಹೊಸ ಪತ್ರಿಕಾ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಾಗಿದೆ. ಪತ್ರಿಕೆಗಳ ನೋಂದಣಿ ಮಾಡುವ ಕೇಂದ್ರದ ಕಚೇರಿ ಹಿಂದೆ ಆರ್‌ಎನ್‌ಐ ಅಂತಿದ್ದದ್ದು ಈಗ ಪಿಆರ್‌ಜಿಐ. ನಿಯಮಿತವಾಗಿ ಅಚ್ಚಾಗಿ ಸಾರ್ವಜನಿಕ ಸುದ್ದಿ ಇರುವುದೆಲ್ಲ ಅದರಡಿ ಬರುತ್ತದೆ. ಬೆಲೆ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ನೋಂದಣಿ ಇಲ್ಲದೆ ಪ್ರಕಟಿಸಿದರೆ 5 ಲಕ್ಷದವರೆಗೆ ದಂಡ ಹಾಕಬಹುದು, ನಿಲ್ಲಿಸಿ ಅಂತ ಹೇಳಬಹುದು. ಹೇಳಿದ ಮೇಲೂ ಆರು ತಿಂಗಳಲ್ಲಿ ನಿಲ್ಲಿಸದಿದ್ದರೆ ಜೈಲು. ಇದೆಲ್ಲ ಪೇಪರ್ ಪ್ರಕಟಿಸುವವರಿಗೆ.

ಹುಡುಕಲು ಮೊದಲು ಆ ಕಚೇರಿಯ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಶೀರ್ಷಿಕೆ ಹಾಕಿ ನೋಡಿ. ನಾನು ನೋಡಿದೆ, ಈ ಹೆಸರಿನಲ್ಲಿ ನನಗೆ ಏನೂ ಸಿಗಲಿಲ್ಲ. ಆಮೇಲೆ ಅವರಿಂದ ಬಿಲ್ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಅದರ ಸೈಟಿನಲ್ಲಿ ಹಾಕಿದರೆ ಸಾಕು, ನಿಜವಾದ ಹೆಸರು ಬರುತ್ತದೆ. ಕಂಪನಿ ಆಗಿದ್ದರೆ ಕೇಂದ್ರದ ಕಂಪನಿ ವ್ಯವಹಾರಗಳ ಸೈಟಿನಲ್ಲಿ 100 ರೂಪಾಯಿ ಕಟ್ಟಿ ದಾಖಲೆ ನೋಡಬಹುದು. ಅಲ್ಲಿ ಸಿಗುವುದೂ ಇನ್ನೊಂದು ಕಂಪನಿಯ ಹೆಸರೇ ಆಗಿದ್ದರೆ ಅದರ ಹಿಂದೆ ಹೋಗಬೇಕು, ಅದು ಬೇಜಾರಿನ ಕೆಲಸ.

ಹಳೇ ಕಾಯ್ದೆಯಲ್ಲಿ 'ನಮೂನೆ 4' ಅಂತ ಇತ್ತು ಕಾಕಾ. ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ, ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಜಾಸ್ತಿ ಪಾಲು ಇರುವವರ ಹೆಸರು ವಿಳಾಸ ಎಲ್ಲ ಅಚ್ಚು ಹಾಕಬೇಕಿತ್ತು. ನೀವು ಎಷ್ಟೋ ಮಾರ್ಚ್‌ನಲ್ಲಿ ಅದನ್ನು ಮನೆ ಮನೆಗೆ ಹಾಕಿರುತ್ತೀರಿ.

ದುರ್ಗದಬೈಲ್ ಸೀರೆ ಅಂಗಡಿ

ನಮ್ಮ ಅಂಗಡಿಗೂ ಬಂದಿದ್ದರು. "ಅಕ್ಕಾರ, ಮೊದಲ ಮೂರು ಜಾಹೀರಾತು ಫ್ರೀ" ಅಂದರು. ಇಳಕಲ್ ಸೀರೆಯ ಫೋಟೊ ಕೊಟ್ಟೆ, ಹಾಕಿದರು, ಚೆನ್ನಾಗಿಯೂ ಬಂತು. ನಾಲ್ಕನೆಯದಕ್ಕೆ ಕ್ಯಾಶ್ ಕೇಳಿದರು. ಬಿಲ್ ಕೊಡಿ ಅಂದರೆ ಮುಂದಿನ ತಿಂಗಳು ಅಂದರು. ಬಿಲ್ ಇಲ್ಲದೆ ನಾನು ಗುಂಡುಪಿನ್ನೂ ತರುವುದಿಲ್ಲ, ಬೇಡ ಅಂದುಬಿಟ್ಟೆ.

ಕಾಕಾ, ನಿಮಗೆ ಫೋನ್‌ಪೇಯಲ್ಲಿ ದುಡ್ಡು ಬಂದಿದೆ ಅಂದಿರಲ್ಲ. ಯಾರ ಹೆಸರಿನಿಂದ ಬಂದಿದೆ ನೋಡಿದಿರಾ?

ಪೇಪರ್ ಕಾಕಾ, ಧಾರವಾಡ

ಅಕ್ಕಾರ, ನೋಡಿರಲಿಲ್ಲ. ನೀವು ಹೇಳಿದ ಮೇಲೆ ನೋಡಿದೆ. ಬೇರೆ ತಾಲೂಕಿನ ಒಂದು ಜೆಸಿಬಿ ಬಾಡಿಗೆಯವರ ಹೆಸರು ಬಂತು. ಹೆಸರು ಇಲ್ಲಿ ಹಾಕುವುದಿಲ್ಲ. ಪಾಪ, ಅವನ ಖಾತೆಯನ್ನು ಯಾರು ಯಾಕೆ ಬಳಸುತ್ತಿದ್ದಾರೋ. ಜೆಸಿಬಿಯವನಿಗೆ ಪದಬಂಧ ಯಾಕೆ ಬೇಕು ಅಂತ ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು.

ಅಜ್ಜಾರ ಲೆಕ್ಕ ಓದಿದ ಮೇಲೆ ನನಗೂ ಒಂದು ಲೆಕ್ಕ ಹೊಳೆಯಿತು. 400 ಪ್ರತಿ ಅಂದರೆ 10 ಕೆಜಿ. ನಮ್ಮ ಓಣಿಯ ರದ್ದಿಯವನು ಕೆಜಿಗೆ 14 ರೂಪಾಯಿ ಕೊಡುತ್ತಾನೆ, 140 ಆಯಿತು. ಮನೆ ಮನೆ ತಿರುಗಿ ಹಂಚಿದರೆ ಸಿಗುವುದು 152. ಇದು ನನಗಿಂತ ಮೊದಲು ಬೇರೆಯವರಿಗೆ ಹೊಳೆದಿದೆ. ನಿನ್ನೆ ರದ್ದಿ ಅಂಗಡಿಗೆ ಹೋದರೆ ಮೂಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನೂ ಬಿಚ್ಚದ ಆರು ಕಟ್ಟು ಇದ್ದವು. ಅವೇ. ಅವರು ರದ್ದಿಗೂ ಹಾಕಿ ಹಂಚಿದ ದುಡ್ಡನ್ನೂ ತೆಗೆದುಕೊಳ್ಳುತ್ತಾರೆ. ಯಾವ ಲೈನಿನವರು ಅಂತ ಗೊತ್ತು, ಹೇಳುವುದಿಲ್ಲ. ಬೆಳಿಗ್ಗೆ ಒಂದೇ ಕಟ್ಟೆ ಮೇಲೆ ಕೂರುವವರು.

ಬುಧವಾರ ಟಾಟಾ ಏಸ್ ಬಂದಾಗ ಆ ಹುಡುಗನನ್ನು ಕೇಳಿದೆ. "ಬಿಲ್ ಕೊಡು, ಮಾಲೀಕರ ಹೆಸರು ಹೇಳು, ನಾಳೆಯಿಂದ 380 ಮನೆಗೂ ನಾನೇ ಹಾಕುತ್ತೇನೆ."

"ಹೆಸರು ತಗೊಂಡು ಏನ್ ಮಾಡ್ತೀರಿ ಕಾಕಾ? ದೊಡ್ಡವರದಾರ. ಟೈಮ್ ಬಂದಾಗ ಅವರ ಹೇಳ್ತಾರ."

"ನಿನಗರ ಗೊತ್ತೇನೋ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗ ಸಂಬಳ ಬಂದ್ರ ಸಾಕ್ರಿ" ಅಂದ. ಅವನಿಗೂ ಗೊತ್ತಿಲ್ಲ ಅನ್ನಿಸಿತು. ಅವನ ಮೇಲೆ ಸಿಟ್ಟು ಮಾಡಿ ಏನು ಬಂತು? ಚಹಾ ಕುಡಿಸಿ, ಸೋಮವಾರ ಮತ್ತು ಮಂಗಳವಾರದ 304 ರೂಪಾಯಿ ಹಿಡಿದುಕೊಂಡು ಉಳಿದ 1,696 ವಾಪಸ್ ಹಾಕಿದೆ. ಅದೂ ಜೆಸಿಬಿಯವನ ಖಾತೆಗೇ ಹೋಯಿತು.

ಸಾಯಂಕಾಲ ಬಿಲ್ ವಸೂಲಿಗೆ ಮಾಳಮಡ್ಡಿಗೆ ಹೋಗಿದ್ದೆ. ಅಕ್ಕೋರಿಗೆ ಎಲ್ಲ ಹೇಳಿದೆ. ಆ ಪೇಪರ್ ಇನ್ನು ಬರುವುದಿಲ್ಲ ಅಂದೆ. ಮುಖ ಸಣ್ಣದು ಮಾಡಿಕೊಂಡರು. ಒಳಗೆ ಹೋಗಿ ಮಂಗಳವಾರದ ಪ್ರತಿ ತಂದರು. ಪದಬಂಧದ ಮನೆಗಳಲ್ಲಿ ಪೆನ್ಸಿಲ್‌ನಿಂದ ಮುತ್ತಿನಂಥ ಅಕ್ಷರ, ಎರಡು ಕಡೆ ಮಾತ್ರ ಖಾಲಿ.

"ಉತ್ತರ ನಾಳಿನ ಸಂಚಿಕೆಯಲ್ಲಿ ಅಂತ ಹಾಕ್ಯಾರ. ಅದೊಂದು ಎಲ್ಲಿಂದರ ತಂದುಕೊಡೋ ತಮ್ಮಾ" ಅಂದರು.

ನಾಳೆ ರದ್ದಿ ಅಂಗಡಿಗೆ ಹೋಗಿ ಬರಬೇಕು.