ಸಂಘದ ಹಾಲ್: ಮಿರಗದ ಮಳಿಗಿಂತ ಮೊದಲ ಏನು ಮಾಡೂಣು? (ಓಣಿಯವರ ಮಾತುಕತಿ, ಹೆಸರಿನ ಬದಲಿ ಅವರವರ ಕ್ರಾಸ್)

2ನೇ ಕ್ರಾಸ್: ಹಳೇ ರೈತ ಸಂಘದ ಹಾಲ್‌ನ ಉತ್ತರ ಗೋಡಿ ಕಿಟಕಿ ಮೂಲಿಯಿಂದ ಓರೆಯಾಗಿ ಬಿರುಕು ಬಿಟ್ಟೈತಿ, ಬೆರಳು ಹೋಗತೈತಿ. ಕೆಡವಿ ಶೆಡ್ ಹಾಕೂ ಮಾತು ನಡದೈತಿ. ಸಂಘದ ಹಳೇ ದಾಖಲೆ ಕೇಳಿ ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಕೊಡಬೇಕು. ಗೊತ್ತಿದ್ದವರು ಹೇಳ್ರಿ.

5ನೇ ಕ್ರಾಸ್: ಗೋಡಿ ಬಿಡ್ರಿ, ಮೊದಲ ನೀರು ನೋಡ್ರಿ. ಇದು ಎರಿ ಭೂಮಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ, ಪಾಯ ಅದರ ಜೋಡಿ ಏಳತೈತಿ, ಇಳೀತೈತಿ. ಉತ್ತರಕ್ಕ ಸೂರಿನ ನೀರು ನೆಟ್ಟಗ ಪಾಯದ ಬುಡಕ್ಕ ಬೀಳತೈತಿ. ಗೋಡಿಗುಂಟ 3 ಅಡಿ ಅಗಲ ಕಲ್ಲು ಹಾಸಿ ಹೊರಗ ಇಳಿಜಾರು ಕೊಡ್ರಿ, ಗಟಾರ ಜೋಡಸ್ರಿ. ಬಿರುಕಿನ ಮ್ಯಾಲೆ ಮೂರು ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತೆಳ್ಳಗ ಹಚ್ಚಿ ತಾರೀಖು ಬರೀರಿ. ಅದು ಒಡದ್ರ ಗೋಡಿ ಇನ್ನೂ ಜರುಗಾಕತ್ತೈತಿ ಅಂತ ತಿಳೀರಿ.

1ನೇ ಕ್ರಾಸ್: ಸದ್ಯಕ್ಕ ಸಿಮೆಂಟ್ ತುಂಬಿಸಿಬಿಟ್ರ?

5ನೇ ಕ್ರಾಸ್: ಬ್ಯಾಡ್ರೀ ಅಕ್ಕಾರ. ಮಣ್ಣಿನ್ಯಾಗ ಕಟ್ಟಿದ ಕಲ್ಲಿನ ಗೋಡಿ. ಹೊರಗ ಸಿಮೆಂಟ್ ಬಳದ್ರ ಒಳಗಿನ ಹಸಿ ಹೊರಗ ಬರೂದಿಲ್ಲ. ಹಿತ್ತಲ ಕಡೆ ಗೋಡಿ ಕೆಳಗ 2 ಅಡಿ ಉದರಾಕತ್ತಿದ್ದು ಅದಕ್ಕ. ಗಚ್ಚು ಹಚ್ಚಸ್ರಿ: ನೆನದ ಸುಣ್ಣ 1 ಪಾಲು, ತೊಳದ ಉಸುಕು 3 ಪಾಲು. ಸುಣ್ಣ ಕಡಿಮಿ ಅಂದ್ರೂ 15 ದಿನ ನೀರಾಗ ನೆನೀಬೇಕು, ಅರ್ಧಮರ್ಧ ಅರಳಿದ ಹರಳು ಉಳದ್ರ ಗಿಲಾವಿನ್ಯಾಗ ಉಬ್ಬಿ ಸಿಡೀತೈತಿ. ಹಚ್ಚಿದ ಮ್ಯಾಲೆ ಒಂದು ವಾರ ಹಸಿ ಗೋಣಿಚೀಲ ಕಟ್ರಿ.

3ನೇ ಕ್ರಾಸ್: ಹೆಂಚಿಂದು ಒಂದು ಮಾತು. ಕೆಳಗಿನ ಬದಿಗೆ ಕಾರ್ಖಾನಿ ಛಾಪು ಇರತೈತಿ. ಬ್ಯಾರೆ ಛಾಪಿನ ಹೆಂಚು ಒಂದರ ಅಂಚಿನ ತೋಡಿನ್ಯಾಗ ಇನ್ನೊಂದು ಸರಿಯಾಗಿ ಕೂಡೂದಿಲ್ಲ, ಸಂದಿಯಾಗ ಸೋರತೈತಿ. ಮಾದರಿಗೆ ಒಂದು ಹೆಂಚು ಇಳಿಸ್ಕೊಂಡು ಹೋಗಿ ಹಳೇವು ಹುಡುಕ್ರಿ. ಸಾಲಲಿಲ್ಲಂದ್ರ ಒಂದ ಛಾಪಿನವೆಲ್ಲಾ ಉತ್ತರಕ್ಕ, ಉಳದವು ದಕ್ಷಿಣಕ್ಕ. ಕಲಸಬ್ಯಾಡ್ರಿ. ಕೈಂಚಿ, ಅಂದ್ರ ಮಾಳಿಗಿ ಹೊತ್ತ ಕಟ್ಟಿಗಿ ಚೌಕಟ್ಟು, ಗೋಡಿಯೊಳಗ ಹೋಗೂ ತುದಿ ಸ್ಕ್ರೂಡ್ರೈವರಿಂದ ಚುಚ್ಚಿ ನೋಡ್ರಿ; ಒರಲಿ ಹತ್ತೂದು ಅಲ್ಲೇ, ಮ್ಯಾಲೆ ನೋಡಿದ್ರ ಸಾಗವಾನಿ ಗಟ್ಟೀನ ಕಾಣತೈತಿ.

4ನೇ ಕ್ರಾಸ್: ಕಾಗದದ ಕಡೆ ಬರ್ರಿ. ಸಂಘ 1956ಕ್ಕಿಂತ ಹಳೇದು, ನಾವಾಗ ಮುಂಬೈ ಪ್ರಾಂತದಾಗ ಇದ್ವಿ. ನೋಂದಣಿ 1925ರ ಮುಂಬೈ ಸಹಕಾರ ಸಂಘಗಳ ಕಾಯ್ದೆಯೊಳಗ ಆಗಿರಬಹುದು. ಬರೇ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಹೆಸರು ಬರದ್ರ 'ದಾಖಲೆ ಇಲ್ಲ' ಅಂತ ಹಿಂಬರಹ ಬರತೈತಿ. ಮಾಹಿತಿ ಹಕ್ಕಿನ ಅರ್ಜಿಗೆ ₹10, ಒಂದ ವಿಷಯ, 150 ಶಬ್ದದೊಳಗ. ಜಾಗದ ಉತಾರಕ್ಕ (ಜಾಗ ಯಾರ ಹೆಸರಿಲೆ ಐತಿ ಅನ್ನೂ ದಾಖಲೆ) ಬ್ಯಾರೆ ಅರ್ಜಿ, ನೋಂದಣಿಗೆ ಬ್ಯಾರೆ.

2ನೇ ಕ್ರಾಸ್: ಗದಗ ಹತ್ರದ ಕಣಗಿನಹಾಳದಾಗ 1905ರಾಗ ಶುರುವಾದ ಹೆಸರಾಂತ ಸಹಕಾರ ಸಂಘದ ಹೆಸರು ಅರ್ಜಿಯಾಗ ಸೇರಿಸೂಣೇನ್ರೀ?

4ನೇ ಕ್ರಾಸ್: ಸಂಬಂಧ ತೋರಸೂ ಕಾಗದ ಇದ್ರ ಸೇರಸ್ರಿ. ಇಲ್ಲಂದ್ರ ಉಳದದ್ದನ್ನೂ ನಂಬೂದಿಲ್ಲ.

3ನೇ ಕ್ರಾಸ್: ಶನಿವಾರ ಮುಂಜಾನೆ 7ಕ್ಕ ಗವಂಡಿ ಬರ್ತಾನ. 16 ಅಡಿ ಏಣಿ ಬೇಕು, ಮತ್ತ ಎರಡು ಹಲಗಿ. ಹೆಂಚಿನ ಮ್ಯಾಲೆ ಯಾರೂ ಕಾಲಿಡಬ್ಯಾಡ್ರಿ.