ಪ್ಯಾಶನ್ ಆಫ್ ದಿ ಕ್ರೈಸ್ಟ್: ಒಬ್ಬರು ಅಳ್ತಾರೆ, ಇನ್ನೊಬ್ಬರು ಎದ್ದು ಹೋಗ್ತಾರೆ, ಯಾಕೆ?

ಹಳೇಪ್ರೇಕ್ಷಕ:

ಎಲ್ಲರಿಗೂ ನಮಸ್ಕಾರ. ಯೇಸುವಿನ ಕೊನೇ ಗಂಟೆಗಳ ಯಾತನೆ ತೋರಿಸೋ, ಮೆಲ್ ಗಿಬ್ಸನ್ ಮಾಡಿದ 2004ರ ಸಿನಿಮಾ ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್ ಬಗ್ಗೆ ಒಂದು ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ. ಈಗಷ್ಟೇ ನೋಡ್ದೆ, ಕ್ಯಾಥೊಲಿಕ್ ಗೆಳೆಯ ಒಬ್ಬ ಜೊತೆಗಿದ್ದ. ಕೊರಡೆಯಲ್ಲಿ ಹೊಡೆಯೋ ದೃಶ್ಯ ಬಂದಾಗ ನನಗೆ ಹೊಟ್ಟೆ ತೊಳಸಿ ಮುಖ ತಿರುಗಿಸ್ಕೊಂಡೆ, ಅವನು ಮಾತ್ರ ಒಂದು ಕ್ಷಣನೂ ಕಣ್ಣು ತೆಗೀದೆ ನೋಡ್ತಾ ಅಳ್ತಿದ್ದ. ಮುಗಿದ ಮೇಲೆ ಅವನು ಮಾತಾಡೋ ಸ್ಥಿತಿಯಲ್ಲಿ ಇರ್ಲಿಲ್ಲ, ನನಗೂ ಕೇಳೋಕೆ ಮನಸ್ಸಾಗ್ಲಿಲ್ಲ.

ಆಮೇಲೆ ಓದ್ತಾ ಹೋದ್ರೆ ಬಂದ ದಿನದಿಂದಲೂ ಇದೇ ಕಥೆ ಅಂತ ಗೊತ್ತಾಯ್ತು. 2004ರ ಫೆಬ್ರವರಿ 25, ಬೂದಿ ಬುಧವಾರದ ದಿನ (ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗೋ ದಿನ) ಅಮೆರಿಕದಲ್ಲಿ ರಿಲೀಸ್ ಆಗಿದೆ, ಚರ್ಚುಗಳು ಇಡೀ ಶೋನೇ ಬುಕ್ ಮಾಡ್ಕೊಂಡು ಜನರನ್ನ ಕರ್ಕೊಂಡು ಹೋಗಿವೆ, ಅದೇ ಟೈಮಲ್ಲಿ ಇದು ಬರೀ ಹಿಂಸೆ ಅಂತ ಉಗಿದ ವಿಮರ್ಶಕರೂ ಇದ್ದಾರೆ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಪೂರ್ತಿ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ, ಆದ್ರೆ ತಾನು ನೋಡಿದ ಸಿನಿಮಾಗಳಲ್ಲೇ ಅತಿ ಹೆಚ್ಚು ಹಿಂಸೆ ಇರೋದು ಇದ್ರಲ್ಲೇ ಅಂತಾನೂ ಬರ್ದಿದ್ದಾರೆ. ಮೆಚ್ಚಿದವರೇ ಹೀಗೆ ಅಂದ್ರೆ ನನ್ನಂಥವನ ಗತಿ ಏನು?

ನನ್ನ ಪ್ರಶ್ನೆ ಇಷ್ಟೇ. ಅಷ್ಟು ರಕ್ತ ನಿಜವಾಗ್ಲೂ ಬೇಕಿತ್ತಾ? ನನ್ನ ಗೆಳೆಯನಿಗೆ ಕಂಡಿದ್ದು ನನಗೆ ಯಾಕೆ ಕಾಣ್ಲಿಲ್ಲ? ದಯವಿಟ್ಟು ಧರ್ಮಗಳ ಜಗಳ ಬೇಡ, ಸಿನಿಮಾ ನೋಡಿದವರು ಮನಸ್ಸು ಬಿಚ್ಚಿ ಹೇಳಿ.

ಸಂಜೆಗಂಟೆ:

ನಾನೂ ಕ್ಯಾಥೊಲಿಕ್, ಹಾಗಾಗಿ ನಿಮ್ಮ ಗೆಳೆಯರಿಗೆ ಏನು ಕಾಣಿಸ್ತಿತ್ತು ಅಂತ ಹೇಳೋ ಪ್ರಯತ್ನ ಮಾಡ್ತೀನಿ. ತಪಸ್ಸು ಕಾಲದಲ್ಲಿ ನಾವು ಶಿಲುಬೆ ಹಾದಿ ಅಂತ ಪ್ರಾರ್ಥನೆ ಮಾಡ್ತೀವಿ, ಒಟ್ಟು 14 ಸ್ಥಳ, ಯೇಸುವಿಗೆ ಮರಣದಂಡನೆ ಆಗೋದ್ರಿಂದ ಹಿಡಿದು ಸಮಾಧಿವರೆಗೆ. ಒಂದೊಂದು ಸ್ಥಳದಲ್ಲೂ ನಿಂತು ಅಲ್ಲಿ ಆಗಿದ್ದನ್ನ ಮನಸ್ಸಲ್ಲಿ ನೋಡ್ಬೇಕು. ಮೂರು ಸಲ ಬೀಳೋದು, ದಾರಿಯಲ್ಲಿ ತಾಯಿ ಎದುರಾಗೋದು, ವೆರೋನಿಕ ಬಟ್ಟೆಯಿಂದ ಮುಖ ಒರೆಸೋದು. ಚಿಕ್ಕ ಮಕ್ಕಳಾಗಿದ್ದಾಗಿಂದ ಇದನ್ನ ಬಾಯಲ್ಲಿ ಹೇಳಿ ಹೇಳಿ ಒಂಥರಾ ಮರಗಟ್ಟಿಹೋಗಿರುತ್ತೆ. ಸಿನಿಮಾದಲ್ಲಿ ಅದೇ ಸ್ಥಳಗಳು ಒಂದಾದ ಮೇಲೊಂದು ಬರ್ತಾ ಹೋದಾಗ ನಮ್ಮ ಬಾಯಿಪಾಠ ಎಲ್ಲಾ ಎದ್ದು ಬಂದು ಎದುರಿಗೆ ನಿಂತ ಹಾಗೆ ಆಗುತ್ತೆ.

ಯೇಸು ಶಿಲುಬೆ ಹೊತ್ತು ಬೀಳ್ತಾರಲ್ಲ, ಆಗ ಮರಿಯಮ್ಮನಿಗೆ ಮಗ ಚಿಕ್ಕವನಿದ್ದಾಗ ಎಡವಿ ಬಿದ್ದಿದ್ದು ನೆನಪಾಗಿ ಓಡಿ ಬರ್ತಾಳೆ, ಅವತ್ತು ಎತ್ಕೊಂಡ ಹಾಗೆ ಇವತ್ತು ಎತ್ಕೊಳ್ಳೋಕೆ ಆಗಲ್ಲ. ಮಾಯಾ ಮೋರ್ಗೆನ್‌ಸ್ಟರ್ನ್ ಅನ್ನೋ ರೊಮೇನಿಯಾದ ನಟಿ, ಆಕೆ ಯೆಹೂದಿ ಮನೆತನದವರು, ಆ ಒಂದು ಓಟದಲ್ಲಿ ನನ್ನನ್ನ ಪೂರ್ತಿ ಅಳಿಸಿಬಿಟ್ರು. ಅಲ್ಲಿ ರಕ್ತಕ್ಕಿಂತ ಆ ತಾಯಿ ಮುಖಾನೇ ಜಾಸ್ತಿ ನೆನಪಲ್ಲಿ ಉಳಿಯುತ್ತೆ.

ಇನ್ನು ರಕ್ತ ಬೇಕಿತ್ತಾ ಅನ್ನೋದಕ್ಕೆ. ಸಿನಿಮಾ ಶುರುವಾಗೋದೇ ಬೈಬಲಿನ ಯೆಶಾಯ 53ರ ಮಾತಿಂದ, ನಮ್ಮ ದ್ರೋಹಗಳಿಗಾಗಿ ಅವನಿಗೆ ಗಾಯವಾಯಿತು ಅನ್ನೋ ಭಾಗ. ಆ ವಾಕ್ಯ ನಂಬೋರಿಗೆ ಒಂದೊಂದು ಏಟೂ ತನಗೆ ಬರ್ಬೇಕಾಗಿದ್ದು ಅನ್ಸುತ್ತೆ. ಮುಖ ತಿರುಗಿಸ್ಕೊಂಡ್ರೆ ಯೇಸುವನ್ನ ಒಂಟಿಯಾಗಿ ಬಿಟ್ಟು ಹೋದ ಹಾಗೆ ಅಂತ ಭಾವನೆ. ನಿಮ್ಮ ಗೆಳೆಯ ಕಣ್ಣು ತೆಗೀದೆ ಇದ್ದಿದ್ದು ಬಹುಶಃ ಅದಕ್ಕೇ ಇರ್ಬೇಕು. ನೀವು ಅವರನ್ನ ಕೇಳಿ, ಬೇಜಾರು ಮಾಡ್ಕೊಳ್ಳಲ್ಲ, ಹೇಳೋಕೆ ಕಾಯ್ತಾನೂ ಇರಬಹುದು.

ಕತ್ತರಿಕೈ:

ನನಗೆ ನಂಬಿಕೆಯ ವಿಷಯ ಅಷ್ಟು ಗೊತ್ತಿಲ್ಲ, ಎಡಿಟಿಂಗ್ ಕೆಲ್ಸ ಮಾಡೋನು, ಅದರ ಬಗ್ಗೆ ಮಾತ್ರ ಹೇಳ್ತೀನಿ. ಆ ಕೊರಡೆ ದೃಶ್ಯ ಹೇಗೆ ಕಟ್ಟಿದಾರೆ ಅಂತ ಇನ್ನೊಂದ್ಸಲ ಗಮನಿಸಿ. ಮೊದ್ಲು ಬೆತ್ತದಲ್ಲಿ ಹೊಡೀತಾರೆ, ಆತ ಕುಸಿದು ಬೀಳ್ತಾನೆ, ಇಲ್ಲಿಗೆ ಮುಗೀತು ಅಂತ ನಾವು ಉಸಿರು ಬಿಡೋ ಹೊತ್ತಿಗೆ ತಾಯಿಯನ್ನ ನೋಡಿ ನಡುಗೋ ಕಾಲಲ್ಲಿ ಮತ್ತೆ ಎದ್ದು ನಿಲ್ತಾನೆ. ಸೈನಿಕರಿಗೆ ಅದು ಸವಾಲು ಹಾಕಿದ ಹಾಗೆ ಕಾಣುತ್ತೆ. ಆಗ ಚೂಪು ಮೊನೆಗಳನ್ನ ಕಟ್ಟಿರೋ ಕೊರಡೆ ತಗೋತಾರೆ, ಒಬ್ಬ ಅದನ್ನ ಮೊದ್ಲು ಮರದ ಮೇಜಿಗೆ ಬೀಸ್ತಾನೆ, ಮೊನೆಗಳು ಮರಕ್ಕೆ ಕಚ್ಕೊಳ್ತವೆ, ಎಳೆದಾಗ ಮರ ಸಿಬಿರೇಳುತ್ತೆ. ಮೈಗೆ ಬೀಳೋಕೆ ಮುಂಚೆನೇ ಅದು ಏನು ಮಾಡುತ್ತೆ ಅಂತ ನಮಗೆ ಗೊತ್ತಾಗಿಬಿಡುತ್ತೆ. ಅರ್ಧ ನೋವು ಆ ಮೇಜಲ್ಲೇ ಇದೆ. ಆಮೇಲೆ ಕ್ಯಾಮೆರಾ ಮರಿಯಳ ಮುಖಕ್ಕೆ ಹೋದಾಗ್ಲೂ ಹೊಡೆತದ ಸೌಂಡ್ ನಿಲ್ಲಲ್ಲ. ಮುಖ ತಿರುಗಿಸ್ಕೊಂಡೆ ಅಂದ್ರಲ್ಲ, ಕಿವಿ ಮುಚ್ಕೊಂಡ್ರಾ? ಮುಚ್ಕೊಂಡಿರಲ್ಲ, ಅದಕ್ಕೇ ಅಷ್ಟು ಕಾಡಿರೋದು.

ಸುವಾರ್ತೆಗಳಲ್ಲಿ, ಅಂದ್ರೆ ಯೇಸುವಿನ ಕಥೆ ಹೇಳೋ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ, ಇದು ಹೆಚ್ಚೂಕಮ್ಮಿ ಒಂದೇ ಸಾಲು, ಕೊರಡೆಗಳಿಂದ ಹೊಡಿಸಿದನು, ಅಷ್ಟೇ. ಆ ಒಂದು ಸಾಲನ್ನ ಗಿಬ್ಸನ್ ಅಷ್ಟುದ್ದ ಎಳೆದಿದ್ದು ನಿರ್ದೇಶಕನ ಆಯ್ಕೆ. ನನ್ನ ತಕರಾರು ಇರೋದೂ ಇಲ್ಲೇ. ಗೆತ್ಸೆಮನೆ ತೋಟದಿಂದ ಶುರು ಮಾಡಿ ಕೊನೇ 12 ಗಂಟೆ ಮಾತ್ರ ತಗೊಂಡಿದಾರೆ, ಆತ ಯಾರು, ಜನ ಯಾಕೆ ಹಿಂದೆ ಬಂದ್ರು, ಏನು ಬೋಧಿಸ್ದ ಅನ್ನೋದೆಲ್ಲ ಚೂರು ಚೂರು ಫ್ಲ್ಯಾಶ್‌ಬ್ಯಾಕಲ್ಲಿ ಬಂದು ಹೋಗುತ್ತೆ. ಆ ಕಥೆ ಮೊದ್ಲೇ ಗೊತ್ತಿರೋರು ಖಾಲಿ ಜಾಗನ ತಾವೇ ತುಂಬ್ಕೊಳ್ತಾರೆ. ಗೊತ್ತಿಲ್ಲದವನಿಗೆ ಕಾಣೋದು ಒಬ್ಬ ಮನುಷ್ಯನನ್ನ ಎರಡು ಗಂಟೆ ಹೊಡೆಯೋದು ಮಾತ್ರ. ಹಳೇಪ್ರೇಕ್ಷಕ ಅವರೇ, ನಿಮಗೆ ಕಾಣದೇ ಹೋಗಿದ್ದು ತೆರೆ ಮೇಲೆ ಇರ್ಲೇ ಇಲ್ಲ ಸರ್, ನಿಮ್ಮ ಗೆಳೆಯ ಅದನ್ನ ಜೊತೆಗೆ ತಂದಿದ್ರು.

ಕೆಲ್ಸದ ಮಟ್ಟಕ್ಕೆ ಮಾತ್ರ ಕೈ ಮುಗೀಬೇಕು. ಕೇಲಬ್ ಡೆಶಾನೆಲ್ ಕ್ಯಾಮೆರಾ, ಇಟಲಿಯ ಹಳೇ ಚಿತ್ರಕಾರ ಕಾರವಾಜ್ಜಿಯೋ ಬಿಡಿಸಿದ ಚಿತ್ರಗಳ ಕತ್ತಲೆ ಬೆಳಕು ತಂದಿದಾರೆ. ಶೂಟಿಂಗ್ ಇಟಲಿಯ ಮತೇರಾ ಊರಲ್ಲಿ ಮತ್ತೆ ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ. ಕ್ಯಾಮೆರಾ, ಮೇಕಪ್, ಸಂಗೀತ ಮೂರಕ್ಕೂ ಆಸ್ಕರ್ ನಾಮಿನೇಷನ್ ಆಯ್ತು, ಒಂದೂ ಬರ್ಲಿಲ್ಲ.

ಇತಿಹಾಸಪ್ರಿಯ:

ಎಲ್ಲರೂ ಹಿಂಸೆ ಬಗ್ಗೇನೇ ಮಾತಾಡ್ತಿದೀರ, ಇನ್ನೊಂದು ಗುಂಪಿನ ಪ್ರೇಕ್ಷಕರನ್ನ ಮರೀಬೇಡಿ. ಯೆಹೂದಿಗಳು ಈ ಸಿನಿಮಾ ನೋಡಿ ಹೆದರಿದ್ರು, ಆ ಹೆದರಿಕೆಗೆ ಶತಮಾನಗಳ ಕಾರಣ ಇದೆ. ಯೂರೋಪಿನಲ್ಲಿ ಯೇಸುವಿನ ಯಾತನೆಯ ನಾಟಕ ಆಡೋ ಸಂಪ್ರದಾಯ ಮಧ್ಯಯುಗದಿಂದ ಇದೆ, ಅದರಲ್ಲಿ ಯೇಸುನ ಕೊಂದೋರು ಯೆಹೂದಿಗಳು ಅಂತ ತೋರ್ಸೋದು, ನೋಡಿ ರೊಚ್ಚಿಗೆದ್ದ ಜನ ಯೆಹೂದಿ ಕೇರಿಗಳ ಮೇಲೆ ಬೀಳೋದು, ಇದೆಲ್ಲ ನಡೆದಿದೆ. ಜರ್ಮನಿಯ ಓಬರಾಮರ್‌ಗೌ ಊರಲ್ಲಿ 1634ರಿಂದ ಅಂಥ ನಾಟಕ ನಡೀತಿದೆ, ಅದನ್ನ ಹಿಟ್ಲರ್ ಹೋಗಿ ನೋಡಿ ಮೆಚ್ಕೊಂಡಿದ್ದ. ಈಚಿನ ದಶಕಗಳಲ್ಲಿ ಆ ಊರಿನವರೇ ನಾಟಕದ ಪಠ್ಯ ತಿದ್ದಿದಾರೆ. ಯೇಸುವಿನ ಮರಣದ ಹೊಣೆಯನ್ನ ಆಗಿನ ಎಲ್ಲ ಯೆಹೂದಿಗಳ ಮೇಲಾಗ್ಲಿ ಈಗಿನವರ ಮೇಲಾಗ್ಲಿ ಹೊರಿಸೋ ಹಾಗಿಲ್ಲ ಅಂತ ಕ್ಯಾಥೊಲಿಕ್ ಸಭೆ 1965ರಲ್ಲಿ ನೋಸ್ತ್ರಾ ಎತಾತೆ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಇಂಥ ನಾಟಕ, ಸಿನಿಮಾಗಳನ್ನ ಹೇಗೆ ಅಳೀಬೇಕು ಅಂತ ಅಮೆರಿಕದ ಬಿಷಪ್‌ಗಳು 1988ರಲ್ಲಿ ಮಾನದಂಡಾನೂ ಕೊಟ್ಟಿದಾರೆ.

ಇಷ್ಟೆಲ್ಲಾ ಆದ್ಮೇಲೂ ಸಿನಿಮಾದಲ್ಲಿ ಏನಾಗಿದೆ ನೋಡಿ. ಯೆಹೂದಿಗಳ ಮಹಾಯಾಜಕ ಕಾಯಫ ಮತ್ತವನ ಜೊತೆಗಾರರು ಒಳ್ಳೇ ಬಟ್ಟೆ ಹಾಕ್ಕೊಂಡು ಕಲ್ಲು ಮನಸ್ಸಿನಿಂದ ನಿಂತಿರ್ತಾರೆ, ಮರಣದಂಡನೆ ಕೊಡೋ ರೋಮನ್ ಅಧಿಕಾರಿ ಪಿಲಾತ ಮಾತ್ರ ಹೆಂಡತಿ ಜೊತೆ ಸತ್ಯ ಅಂದ್ರೆ ಏನು ಅಂತ ಮಾತಾಡ್ತಾ ಒದ್ದಾಡ್ತಾನೆ. ನಿಜವಾದ ಪಿಲಾತ ಹಾಗಿರ್ಲಿಲ್ಲ. ಅದೇ ಕಾಲದ ಯೆಹೂದಿ ತತ್ವಜ್ಞಾನಿ ಫಿಲೋ ಅವನನ್ನ ಕ್ರೂರಿ, ಲಂಚಕೋರ ಅಂತ ಬರ್ದಿದಾನೆ. ಸಮಾರ್ಯದವರನ್ನ ಕೊಲ್ಲಿಸಿದ್ದಕ್ಕೆ ರೋಮ್‌ಗೆ ವಾಪಸ್ ಹೋಗಿ ಉತ್ತರ ಕೊಡ್ಬೇಕಾಯ್ತು ಅಂತ ಯೆಹೂದಿ ಇತಿಹಾಸಕಾರ ಜೋಸೀಫಸ್ ಹೇಳ್ತಾನೆ. ಪಿಲಾತನ ಹೆಂಡತಿ ಮರಿಯಳಿಗೆ ಬಟ್ಟೆ ತಂದು ಕೊಡ್ತಾಳಲ್ಲ, ರಕ್ತ ಒರೆಸೋಕೆ, ಅದು ಬೈಬಲಲ್ಲಿ ಎಲ್ಲೂ ಇಲ್ಲ, ಆನ್ ಕ್ಯಾಥರೀನ್ ಎಮ್ಮರಿಕ್ ಅನ್ನೋ ಜರ್ಮನ್ ಸನ್ಯಾಸಿನಿಯ ದರ್ಶನಗಳಿಂದ ತಗೊಂಡಿದ್ದು, 19ನೇ ಶತಮಾನದಲ್ಲಿ ಬ್ರೆಂಟಾನೋ ಅನ್ನೋ ಕವಿ ಬರ್ಕೊಂಡಿದ್ದು. ಇದ್ದದ್ದು ಇದ್ದ ಹಾಗೇ ತೋರ್ಸಿದಾರೆ ಅನ್ನೋರು ಇದನ್ನ ಸ್ವಲ್ಪ ಯೋಚಿಸ್ಬೇಕು.

ಮತ್ತಾಯನ ಸುವಾರ್ತೆ 27:25ರಲ್ಲಿ ಜನ ಕೂಗೋ ಮಾತು ಇದ್ಯಲ್ಲ, ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಅಂತ. ಗಲಾಟೆ ಆದ್ಮೇಲೆ ಅದರ ಸಬ್‌ಟೈಟಲ್ ತೆಗೆದ್ರು, ಆದ್ರೆ ಪಾತ್ರಗಳು ಆಡೋ ಹಳೇ ಅರಮೇಯಿಕ್ ಭಾಷೆಯ ಮಾತು ಸೌಂಡಲ್ಲಿ ಹಾಗೇ ಇದೆ. ಎಷ್ಟು ಜನರ ಪ್ರಾಣ ತೆಗೆದಿರೋ ಸಾಲು ಅದು! 2006ರಲ್ಲಿ ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದಾಗ ಗಿಬ್ಸನ್ ಯೆಹೂದಿಗಳ ಬಗ್ಗೆ ಆಡಿದ ಮಾತು ಕೇಳಿದ ಮೇಲಂತೂ ಆ ಭಯ ಸುಮ್ಸುಮ್ನೆ ಅಲ್ಲ ಅನ್ಸುತ್ತೆ, ಆಮೇಲೆ ಕ್ಷಮೆ ಕೇಳಿದ್ರು, ಅದೂ ನಿಜ.

ಇಬ್ಬರಮಕ್ಕಳಮ್ಮ:

ನನ್ನದು ಸಣ್ಣ ಮಾತು. ದಯವಿಟ್ಟು ಚಿಕ್ಕ ಮಕ್ಕಳಿಗೆ ತೋರಿಸ್ಬೇಡಿ. ದೇವರ ಸಿನಿಮಾ ತಾನೇ ಅಂತ ಕೂರಿಸ್ಬಿಡ್ತಾರೆ. ಅಮೆರಿಕದಲ್ಲಿ ಆರ್ ರೇಟಿಂಗ್ (17ಕ್ಕಿಂತ ಚಿಕ್ಕವರು ದೊಡ್ಡವರ ಜೊತೆ ಮಾತ್ರ ನೋಡ್ಬೇಕು), ಬ್ರಿಟನ್‌ನಲ್ಲಿ 18 ಸರ್ಟಿಫಿಕೇಟ್ ಕೊಟ್ಟಿರೋದು ಸುಮ್ನೆ ಅಲ್ಲ. 2005ರಲ್ಲಿ ಗಿಬ್ಸನ್ನೇ ಸುಮಾರು 5 ನಿಮಿಷದ ಹಿಂಸೆ ಕಡಿಮೆ ಮಾಡಿ ಇನ್ನೊಂದು ಆವೃತ್ತಿ ಬಿಟ್ರು, ಅದಕ್ಕೂ ಅಮೆರಿಕದ ಮಂಡಳಿ ಪಿಜಿ-13 ಅನ್ನೋ ಸೌಮ್ಯವಾದ ರೇಟಿಂಗ್ ಕೊಡೋಕೆ ಒಪ್ಪಲಿಲ್ಲ, ರೇಟಿಂಗ್ ಇಲ್ಲದೇನೇ ಬಿಡುಗಡೆ ಮಾಡಿದ್ರು. ಶಿಲುಬೆ ಮೇಲಿರೋ ಕಳ್ಳನ ಕಣ್ಣನ್ನ ಕಾಗೆ ಕುಕ್ಕೋದು ದೊಡ್ಡವಳಾದ ನನಗೇ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗುಗೆ ಯೇಸು ಅಂದ್ರೆ ಮೊದ್ಲು ಭಯ ಹುಟ್ಟಿಬಿಟ್ರೆ ಆಮೇಲೆ ಪ್ರೀತಿ ಹೇಗೆ ಬರುತ್ತೆ ಹೇಳಿ.

ಹಳೇಪ್ರೇಕ್ಷಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಕತ್ತರಿಕೈ ಅವರು ಹೇಳಿದ ಮೇಜಿನ ವಿಷಯ ಓದಿ ಮೈ ಜುಮ್ ಅಂತು, ಹೌದು, ನಾನು ಮುಖ ತಿರುಗಿಸಿದ್ದು ಸರಿಯಾಗಿ ಅಲ್ಲೇ. ಗೆಳೆಯನನ್ನ ಕೇಳ್ದೆ, ಅವನು ಹೇಳಿದ್ದೂ ಸಂಜೆಗಂಟೆ ಅವರು ಹೇಳಿದ ಹಾಗೇ ಇತ್ತು, ಆ ತಾಯಿ ಓಡೋದು. ಆದ್ರೆ ಸಬ್‌ಟೈಟಲ್ ತೆಗೆದು ಮಾತು ಉಳಿಸಿದ ವಿಷಯ ಅವನಿಗೆ ಗೊತ್ತೇ ಇರ್ಲಿಲ್ಲ, ಕೇಳಿ ಸುಮ್ನಾಗ್ಬಿಟ್ಟ. ಸಂಜೆಗಂಟೆ ಅವರೇ, ನಂಬಿಕೆ ಇರೋರಾಗಿ ನಿಮಗೆ ಇದು ಹೇಗೆ ಅನ್ಸುತ್ತೆ?

ಸಂಜೆಗಂಟೆ:

ಕಷ್ಟ ಆಗುತ್ತೆ, ನಿಜ ಹೇಳ್ಬೇಕಂದ್ರೆ. ಇತಿಹಾಸಪ್ರಿಯ ಅವರು ಹೇಳಿದ ಒಂದು ಮಾತು ಮಾತ್ರ ಪೂರ್ತಿ ಒಪ್ಪಲ್ಲ, ಎಮ್ಮರಿಕ್ ದರ್ಶನದಿಂದ ತಗೊಂಡ್ರು ಅಂದ ಮಾತ್ರಕ್ಕೆ ಆ ದೃಶ್ಯ ಕೆಟ್ಟದ್ದಾಗಲ್ಲ, ವೆರೋನಿಕ ಕೂಡ ಸುವಾರ್ತೆಯಲ್ಲಿಲ್ಲ, ಆದ್ರೂ ನಮ್ಮ ಪ್ರಾರ್ಥನೆಯಲ್ಲಿ ಇದ್ದಾಳೆ. ಮರಿಯಮ್ಮ ಮೊಣಕಾಲೂರಿ ಕಲ್ಲಿನ ಮೇಲಿನ ರಕ್ತ ಒರೆಸೋದು ನನಗೆ ಇಡೀ ಸಿನಿಮಾದ ಅತಿ ಪವಿತ್ರವಾದ ಭಾಗ. ಇನ್ನು ಸಿನಿಮಾದಲ್ಲಿ ಕುರೇನ್ಯದ ಸೀಮೋನ ಇದ್ದಾನೆ, ಅವನನ್ನ ರೋಮನ್ ಸೈನಿಕ ಯೆಹೂದಿ ಅಂತಾನೇ ಹೀಯಾಳಿಸ್ತಾನೆ, ಶಿಲುಬೆಗೆ ಹೆಗಲು ಕೊಟ್ಟೋನು ಅವನೇ. ಯೇಸು, ಮರಿಯ, ಶಿಷ್ಯರು ಎಲ್ಲರೂ ಯೆಹೂದಿಗಳೇ. ಇದನ್ನ ಮರೆತು ನೋಡೋರು ಸಿನಿಮಾನೂ ಸರಿಯಾಗಿ ನೋಡಿಲ್ಲ, ಸುವಾರ್ತೆನೂ ಓದಿಲ್ಲ.

ಆದ್ರೆ ಆ ಕೂಗಿನ ಸಾಲು ಬೇರೆ ವಿಷಯ. ಬರೀ ಅಕ್ಷರ ತೆಗೆದ್ರೆ ಸಾಲಲ್ಲ, ಧ್ವನಿಯಿಂದಲೂ ತೆಗೀಬೇಕಿತ್ತು. ಉಳಿದ ಮೂರು ಸುವಾರ್ತೆಗಳಲ್ಲಿ ಆ ಮಾತೇ ಇಲ್ಲ, ಅದನ್ನ ಬಿಟ್ಟಿದ್ರೆ ಯೇಸುವಿನ ಯಾತನೆ ಒಂದು ಚೂರೂ ಕಡಿಮೆ ಆಗ್ತಿರ್ಲಿಲ್ಲ, ಮರಿಯಮ್ಮನ ಓಟಾನೂ ಅಷ್ಟೇ ಇರ್ತಿತ್ತು. ಮುಂದಿನ ಸಲ ನಮ್ಮ ಗುಂಪಲ್ಲಿ ಇದನ್ನ ಹಾಕೋದಾದ್ರೆ ಶುರುವಾಗೋ ಮುಂಚೆ ಆ 1965ರ ಘೋಷಣೆಯ ಭಾಗ ಓದಿಸ್ಬೇಕು ಅಂತ ಫಾದರ್ ಹತ್ರ ಕೇಳ್ತೀನಿ.