ಯುರೋ ನೋಟಿನ ಮೇಲಿನ ಸೇತುವೆ ಯಾವ ಊರಿನದು?

ಎರಕದವ, ಬೆಳಗಾವಿ:
ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದೇನೆ. ಮೊನ್ನೆ ನಮ್ಮ ಮಾಲು ನೋಡಲು ಜರ್ಮನಿಯಿಂದ ಒಬ್ಬರು ಬಂದಿದ್ದರು. ಮನೆಗೆ ಊಟಕ್ಕೆ ಕರೆದೆ. ಕುಂದಾ ಎರಡು ಸಲ ಹಾಕಿಸಿಕೊಂಡರು. ಹೋಗುವಾಗ ಮಗಳ ಕೈಗೆ 10 ಯುರೋ ನೋಟು ಕೊಟ್ಟರು. "ಈ ಸೇತುವೆ ಎಲ್ಲಿದೆ?" ಅಂತ ಅವಳು ಕೇಳಿದಳು. "ಎಲ್ಲೂ ಇಲ್ಲ" ಎಂದು ನಕ್ಕರು. ಅಲ್ಲ ರೀ, ನೋಟಿನ ಮೇಲೆ ಇಲ್ಲದ ಸೇತುವೆ ಯಾಕೆ? ಇಡೀ ಖಂಡಕ್ಕೆ 'ನಮ್ಮದು' ಅನ್ನೋ ಒಂದು ಗುರುತೂ ಸಿಗಲಿಲ್ವಾ?

ಗುಮ್ಮಟದೂರು:
ನಾಲ್ಕು ವರ್ಷ ನೆದರ್ಲ್ಯಾಂಡ್ಸ್‌ನಲ್ಲಿದ್ದೆ. ಸಿಗಲಿಲ್ಲ ಅಂತಲ್ಲ, ಜಾಸ್ತಿ ಸಿಕ್ಕಿದ್ದೇ ತೊಂದರೆ. ಒಂದು ದೇಶದ ಸೇತುವೆ ಹಾಕಿದರೆ ಉಳಿದವರು ಸುಮ್ನೆ ಇರುತ್ತಾರಾ? ಅದಕ್ಕೇ ಆಸ್ಟ್ರಿಯಾದ ರಾಬರ್ಟ್ ಕಲಿನಾ ಹಳೇ ಕಟ್ಟಡಗಳ ಶೈಲಿಯನ್ನಷ್ಟೇ ಇಟ್ಟುಕೊಂಡು ಕಲ್ಪನೆಯ ಸೇತುವೆ ಬರೆದರು. ನೋಟು ಜನರ ಕೈಗೆ ಬಂದದ್ದು 2002ರಲ್ಲಿ. ಮಜಾ ಏನಂದರೆ, ಆಮೇಲೆ ನೆದರ್ಲ್ಯಾಂಡ್ಸ್‌ನ ಸ್ಪೈಕನಿಸ್ಸೆ ಊರಿನವರು ಆ ಸೇತುವೆಗಳನ್ನು ನಿಜವಾಗಿಯೇ ಕಟ್ಟಿಬಿಟ್ಟರು, ನೋಟಿನ ಬಣ್ಣದ ಸಮೇತ! ಯುರೋಪಿಯನ್ ಒಕ್ಕೂಟದ ಗೀತೆಯದೂ ಇದೇ ಕತೆ. ಬೀಥೋವನ್‌ನ ರಾಗ ಇದೆ, ಮಾತಿಲ್ಲ. ಅಧಿಕೃತ ಭಾಷೆಗಳೇ 24. ಯಾವುದರಲ್ಲಿ ಹಾಡೋದು?

ಇತಿಹಾಸದ ಮಾಸ್ತರ, ಬಾಗಲಕೋಟೆ:
ಆ ಒಕ್ಕೂಟ ಸಂಸ್ಕೃತಿಯಿಂದ ಶುರುವಾದದ್ದೇ ಅಲ್ಲ. 1951ರಲ್ಲಿ ಆರು ದೇಶಗಳು ಕಲ್ಲಿದ್ದಲು, ಉಕ್ಕಿನ ಒಪ್ಪಂದ ಮಾಡಿಕೊಂಡವು. ಫ್ರಾನ್ಸ್ ಆಗಲಿ ಜರ್ಮನಿ ಆಗಲಿ ಮತ್ತೆ ಗುಟ್ಟಾಗಿ ಫಿರಂಗಿ ಹೊಯ್ಯಬಾರದು ಅನ್ನೋ ಲೆಕ್ಕ. ಇನ್ನೊಂದು ಮಾತು, ಯುರೋಪ್ ಬೇರೆ, ಒಕ್ಕೂಟ ಬೇರೆ. ನಾರ್ವೆ ಜನ 1972ರಲ್ಲಿ, ಮತ್ತೆ 1994ರಲ್ಲಿ ಮತ ಹಾಕಿ ಬೇಡ ಅಂದರು. 2020ರಲ್ಲಿ ಬ್ರಿಟನ್ ಹೊರಬಂತು, ಈಗ 27 ದೇಶ. ಹಾಗಂತ ನಾರ್ವೆಯವರು ಯುರೋಪಿನವರಲ್ಲ ಅನ್ನೋಕಾಗುತ್ತಾ?

ಎರಕದವ, ಬೆಳಗಾವಿ:
ಉಕ್ಕಿನ ಮಾತು ನನಗೆ ಹಿಡಿಸಿತು ಸರ್. ಭಟ್ಟಿಗೆ ಹಾಕೋ ಕೋಕ್, ಪಿಗ್ ಐರನ್ ಎಲ್ಲ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದರೆ, ಯಾರು ಎಷ್ಟು ಹೊಯ್ದರು ಅನ್ನೋದು ಮುಚ್ಚಿಡೋಕಾಗಲ್ಲ. ನಮ್ಮಲ್ಲೂ ಮೋಲ್ಡರ್ ಮರಾಠಿಯವರು, ಫಿಟ್ಟರ್ ಕನ್ನಡದವರು. ಭಟ್ಟಿ ಉರಿಯುವಾಗ ಭಾಷೆಯ ಜಗಳ ಯಾರಿಗೂ ನೆನಪಾಗಲ್ಲ. ರಾತ್ರಿ ಟೀವಿ ನೋಡಿದ ಮೇಲೆ ಬೇರೆ ಮಾತು.

ಅಂದ ಹಾಗೆ, ಮಗಳು ಈಗ ತನ್ನದೇ ಒಂದು ನೋಟು ಬರೆದಿದ್ದಾಳೆ. ಅದರ ಮೇಲೆ ಗೋಕಾಕ ಫಾಲ್ಸಿನ ತೂಗುಸೇತುವೆ. ವಿಜಯಪುರದಿಂದ ಬಂದ ಅವಳ ಅತ್ತೆ ಮಗ ನೋಡಿ, "ಗೋಳಗುಮ್ಮಟ ಯಾಕಿಲ್ಲ?" ಅಂತ ಆಗಲೇ ತಕರಾರು ತೆಗೆದ.